ಮುಚ್ಚಳದಡಿಯ ಬಿಳಿ ನೊರೆ

ಎಣ್ಣೆ ನೋಡಿ ಇಂಜಿನ್ನಿನ ಜಾತಕ ಹೇಳುತ್ತೇನೆ ಎಂಬುದು ನಂಜೇಶನ ಜಂಬ. ನಂಜನಗೂಡಿನ ಗ್ಯಾರೇಜುಗಳ ಮುಂದೆ ಟೀ ಕುಡಿಯುತ್ತಾ ಕಲಿತ ವಿದ್ಯೆ ಅದು. ಸ್ವಂತ ಟ್ಯಾಕ್ಸಿ ಓಡಿಸಬೇಕೆಂಬ ಆಸೆ ಅವನಿಗೆ ಬಹಳ ದಿನದ್ದು. ತಿ. ನರಸೀಪುರದ ಭಾವ ಗಂಗಾಧರಸ್ವಾಮಿ ತಮ್ಮ ಹಳೆಯ ಅಂಬಾಸಿಡರ್ ಕೊಡುತ್ತೇನೆ ಎಂದಾಗ, ತೊಂಬತ್ತೆಂಟರ ಮಾರ್ಗಶಿರದ ಚಳಿಯಲ್ಲೇ ಮೊದಲ ಬಸ್ಸು ಹಿಡಿದು ಬಂದಿಳಿದ. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಬಂದ ಅವ್ವ ಚನ್ನಾಜಮ್ಮ ದಸರೆಯಿಂದಲೂ ಅಲ್ಲೇ ಇದ್ದಳು. ಅವಳನ್ನು ಮಾತನಾಡಿಸುವುದಕ್ಕೂ ಮೊದಲೇ ಈ ಮಹಾರಾಯ ಬಾನೆಟ್ ಎತ್ತಿದ.

ಎಣ್ಣೆ ಸುರಿಯುವ ಮುಚ್ಚಳ ತಿರುಗಿಸಿ ತೆಗೆದ. ಅದರ ಒಳಬದಿಯಲ್ಲಿ ಮಜ್ಜಿಗೆಯಂಥ ಬಿಳಿ ನೊರೆ. ಎಣ್ಣೆಗೆ ನೀರು ಬೆರೆತರೆ ಹೀಗೆಯೇ ಆಗುವುದು. ನೀರು ಕುಡಿದ ಇಂಜಿನ್ನು ಹೆಣಕ್ಕೆ ಸಮ. ಅಕ್ಕನ ಗಂಡನೇ ಹೀಗೆ ಮಾಡುವುದೇ?

“ಕಪಿಲೇಲಿ ಮುಳುಗಿದ್ ಕಾರ್ನ ಬಾಮೈದನ್ ತಲೆಗೇ ಕಟ್ತಿದ್ದೀರಾ ಭಾವ? ನಿಮ್ಗೆ ಮಾನ ಮರ್ವಾದೆ ಐತಾ?” ನೊರೆ ಹತ್ತಿದ ಬೆರಳನ್ನು ಭಾವನ ಮೂಗಿಗೇ ಹಿಡಿದ. ಬೀದಿಯವರೆಲ್ಲ ಬಾಗಿಲಿಗೆ ಬಂದರು.

ಗಂಗಾಧರಸ್ವಾಮಿಯ ಮುಖ ಕಪ್ಪಿಟ್ಟಿತು. ಆದರೂ ದನಿ ಎತ್ತದೆ, ಎಣ್ಣೆ ಅಳೆಯುವ ಕಡ್ಡಿ ಎಳೆದು ತೋರಿಸಿದರು. “ನೋಡು. ನೀರು ಬೆರೆತಿದ್ರೆ ಇದ್ರಲ್ಲೂ ಬಿಳಿ ಇರ್ಬೇಕಲ್ವಾ? ಕರ್ರಗೇ ಐತೆ. ಮುಚ್ಚಳದಾಗಿರೋದು ಚಳಿಗೆ ಕಟ್ಟಿದ್ ಬೆವರು ಕಣಪ್ಪ. ಇಂಜಿನ್ ಬಿಸಿಯಾಗಿ ಅದು ಆರಾಕ್ ಮುಂಚೇನೇ ಆಫ್ ಮಾಡ್ಬಿಡ್ತೀನಿ. ದಿನಾ ಬೆಳಗ್ಗೆ ಇಲ್ಲೇ ಆಸ್ಪತ್ರೆಗೆ ಓಗೋದು, ಬರೋದು. ಅಷ್ಟೇ ಅದ್ರ ಓಡಾಟ.”

“ಆಸ್ಪತ್ರೆಗಾ? ಯಾರ್ಗೇನಾಗೈತೆ?”

ಭಾವ ತಲೆ ತಗ್ಗಿಸಿದರು. ಅಷ್ಟರಲ್ಲಿ ಚನ್ನಾಜಮ್ಮ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಬಲಗಾಲಿಗೆ ದಪ್ಪ ಬ್ಯಾಂಡೇಜು. ಹೆಬ್ಬೆರಳಿರಬೇಕಾದ ಕಡೆ ಹೆಬ್ಬೆರಳೇ ಇರಲಿಲ್ಲ.

“ಸಕ್ಕರೆ ಕಾಯ್ಲೆ ಕಣ್ಲಾ. ಗಾಯ ಮಾಯ್ದೆ ಬೆರಳು ತಗುದ್ರು. ನೀನು ಗಾಬ್ರಿ ಬೀಳ್ತೀಯ ಅಂತ ನಾನೇ ಯೋಳ್ಬ್ಯಾಡಿ ಅಂದಿದ್ದೆ,” ಎಂದಳು ಅವ್ವ. “ಕಟ್ಟು ಬದಲಾಯ್ಸಕ್ಕೆ ದಿನಾ ನಿಮ್ ಭಾವಾನೇ ಎತ್ತಿ ಕೂರಿಸ್ಕಂಡು ಓಯ್ತಾರೆ.”

ಕಿವಿ ಮಂದವಾಗಿದ್ದರಿಂದ ನಡೆದ ಜಗಳ ಅವಳಿಗೆ ಗೊತ್ತಿರಲಿಲ್ಲ. ಮಗ ಬಾನೆಟ್ ಎತ್ತಿ ನಿಂತಿರುವುದನ್ನು ಕಂಡು ನಕ್ಕಳು.

“ತಕ್ಕೋ ಮಗಾ, ಒಳ್ಳೆ ಕಾರು. ಒಂದಿನಾನೂ ಕೈ ಕೊಡ್ನಿಲ್ಲ.”

ನಂಜೇಶ ಬೆರಳಿನ ನೊರೆಯನ್ನು ತನ್ನ ಅಂಗಿಗೇ ಒರೆಸಿಕೊಂಡ. ಭಾವನ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.