ಹುನ್‌ಲಾಫನ ಹೆಸರು ಬರುವವರೆಗೆ

ಪ್ರಮಾಣದ ಮಾತು ತಪ್ಪಬಾರದು. ಒಂದು ಪದ ಆಚೀಚೆಯಾದರೂ ಪ್ರಮಾಣ ಮುರಿಯಿತೆಂದೇ ಅರ್ಥ. ಆಮೇಲೆ ಉಳಿಯುವುದು ಕಾದ ಕಬ್ಬಿಣ. ಅದನ್ನು ಬರಿಗೈಯಲ್ಲಿ ಹಿಡಿದು ನಡೆಯಬೇಕು. ಸುಟ್ಟ ಕೈಗೆ ಹಾಕಿದ ಕಟ್ಟು ಬಿಚ್ಚಿದ ದಿನ ಗಾಯ ಕೀವಾಗಿದ್ದರೆ, ಹಿಡಿದವನು ಕಳ್ಳ. ನನ್ನ ಅಣ್ಣ ಚೆಯೋಲ್‌ಮುಂಡ್‌ಗೆ ಹುಟ್ಟಿನಿಂದಲೂ ಉಗ್ಗು.

ಹುನ್‌ಲಾಫನ ಕುದುರೆ ನಮ್ಮ ಬಾರ್ಲಿ ಹೊಲದ ಬೇಲಿಯೊಳಗೆ ಸಿಕ್ಕಿತ್ತು. ಅಣ್ಣನೇ ಕದ್ದನೆಂದು ಅವನು ದೂರು ಕೊಟ್ಟಿದ್ದ. ಅದು ತಾನಾಗಿ ನುಗ್ಗಿತ್ತು ಎಂಬುದು ಊರಿಗೆಲ್ಲ ಗೊತ್ತು. ಆದರೆ ಹುನ್‌ಲಾಫ್ ರಾಜನಿಂದ ಭೂಮಿ ಪಡೆದ ಸರದಾರ. ಮೇಲಾಗಿ ಸೀಮೆಯ ಒಡೆಯ ಓಸ್ಲಾಫರ ತಂಗಿಯ ಮಗ. ರಾಜನನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ದಂಡಿಗೆ ಕರೆ ಬಂದರೆ ಒಡೆಯರ ಹೆಸರಿನಲ್ಲಿ ಬರುತ್ತಿತ್ತು. ನ್ಯಾಯವೂ ಅವರ ಬಾಯಿಂದಲೇ ಬರುತ್ತಿತ್ತು. ನಮ್ಮ ಮಟ್ಟಿಗೆ ರಾಜನಿಗಿದ್ದ ಮುಖ ಅವರದೊಂದೇ.

ಸೀಮೆಯ ಕೂಟ ಹಳೆಯ ಸಮಾಧಿದಿಬ್ಬದ ಮೇಲೆ ಸೇರಿತ್ತು. ಒಡೆಯರೂ ಬಿಷಪ್ಪರೂ ಮುಂದೆ ಕೂತಿದ್ದರು. ಅಣ್ಣನ ಪರವಾಗಿ ಆಣೆಯಿಡಲು ಬಂದ ನೆರೆಯವರು ಒಂದು ಕಡೆ ನಿಂತಿದ್ದರು. ಕಮ್ಮಾರ ಡುನ್ ಅವರಲ್ಲೊಬ್ಬ.

"ಹೆದರ್ಬೇಡ್ವೋ," ಎಂದ ಡುನ್. "ನನ್ನ ಕೋಳಿ ನಿನ್ನ ಹಿತ್ತಲಿಗೆ ಬಂದಾಗ ಬೈತೀಯಲ್ಲ, ಆಗ ಎಲ್ಲೋಗತ್ತೆ ಈ ಉಗ್ಗು? ಹಂಗೇ ಹೇಳ್ಬಿಡು."

"ಬಿಷಪ್ಪರ ಮುಂದೆ ಹಂಗೆ ಬೈದ್ರೆ ಎರಡು ಕೈಗೂ ಕಬ್ಬಿಣ ಕೊಡ್ತಾರೆ, ಸುಮ್ನಿರಪ್ಪ," ಎಂದೆ ನಾನು. ಅಣ್ಣ ನಕ್ಕ. ಆ ನಗು ತುಟಿಯಿಂದಾಚೆ ಬರಲಿಲ್ಲ.

ಅಣ್ಣನ ಹೆಸರು ಕೂಗಿದರು. ಅವನು ಸಂತರ ಮೂಳೆಯಿದ್ದ ಪೆಟ್ಟಿಗೆಯ ಮೇಲೆ ಕೈಯಿಟ್ಟು ಶುರುಮಾಡಿದ. "ದೇವರ ಮುಂದೆ ನಿಂತು ಹೇಳ್ತೀನಿ, ನನ್ನ ಮೇಲೆ..."

ಮುಂದಿನದು ಹುನ್‌ಲಾಫನ ಹೆಸರು. ದೂರು ಕೊಟ್ಟವನ ಹೆಸರನ್ನು ಬಿಡುವಂತಿಲ್ಲ. ಅಣ್ಣನ ಗಂಟಲ ನರ ಉಬ್ಬಿತು. ಅವನು ತಡವರಿಸಲಿಲ್ಲ, ತುಂಡು ಮಾತು ಆಡಲಿಲ್ಲ. ಬಾಯಿ ಬಿಗಿದು ನಿಂತುಬಿಟ್ಟ.

"ಯಾಕೋ, ನನ್ನ ಕುದುರೆ ಜೊತೆ ನನ್ನ ಹೆಸರೂ ಕದ್ದು ಬಾಯಲ್ಲಿಟ್ಕೊಂಡಿದೀಯಾ?" ಎಂದ ಹುನ್‌ಲಾಫ್. ಅವನ ಕಡೆಯವರು ಗೊಳ್ಳೆಂದರು. ಅವನು ಒಡೆಯರತ್ತ ತಿರುಗಿದ. "ಪ್ರಮಾಣ ಮುರೀತು, ಮಾವ. ಕಬ್ಬಿಣ ಕಾಯಿಸೋಕೆ ಹೇಳಿ."

ಒಡೆಯರು ಬಿಷಪ್ಪರನ್ನು ನೋಡಿದರು.

"ತಪ್ಪು ಮಾತೇನಾದ್ರೂ ಬಂತಾ?" ಎಂದು ಕೇಳಿದರು ಒಡೆಯರು.

"ಮಾತೇ ಬರ್ಲಿಲ್ವಲ್ಲ!" ಎಂದ ಹುನ್‌ಲಾಫ್.

"ಬರದೇ ಇರೋದು ಮುರಿಯೋದು ಹೆಂಗೆ? ಬರ್ಲಿ."

ಹೀಗೆಂದು ಅವರು ಎದ್ದು ನಿಂತರು.

ಒಡೆಯರು ನಿಂತಿರುವಾಗ ಕೂಟದಲ್ಲಿ ಯಾರೂ ಕೂರುವಂತಿಲ್ಲ. ಅವರು ಕೇಳದೆ ಯಾರೂ ಬಾಯಿ ತೆರೆಯುವಂತಿಲ್ಲ. ಕಡಲಾಚೆಯಿಂದ ದಾಳಿಗೆ ಬಂದ ಡೇನರ ಕೊಡಲಿಯೇಟಿನಿಂದ ಅವರ ಒಂದು ಕಾಲು ಸೊಟ್ಟಗಾಗಿತ್ತು. ಆ ಕಾಲಿಗಾಗಿಯೇ ಇಡೀ ದಿನ ಕೂತು ನ್ಯಾಯ ಹೇಳುತ್ತಿದ್ದರು. ಈಗ ಕೋಲನ್ನೂ ಹಿಡಿಯದೆ ನಿಂತರು. ದಿಬ್ಬದ ತುಂಬ ಜನ ಎದ್ದರು. ಸರದಾರರು, ಪಾದ್ರಿಗಳು, ಹಂದಿ ಕಾಯುವವರು ಎಲ್ಲರೂ.

ಮೊದಲು ಅದು ಬರೀ ಸದ್ದಿಲ್ಲದಿರುವಿಕೆಯಾಗಿತ್ತು. ಯಾರೋ ಕೆಮ್ಮಿದರು, ಒಂದು ಕುದುರೆ ಲಗಾಮು ಅಲುಗಿಸಿತು. ಆಮೇಲೆ ಅದೂ ನಿಂತಿತು. ಕೆಳಗೆ ಹೊಳೆ ಹರಿಯುವುದು ಕೇಳತೊಡಗಿತು. ಅಷ್ಟು ದೂರದಿಂದ ಅದು ಕೇಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಣ್ಣನ ಮಾತಿಗೆ ಯಾರೂ ಎಂದೂ ಕಾದಿರಲಿಲ್ಲ. ನಾನೂ ಅವನು ಹೇಳಬೇಕಾದ್ದನ್ನು ಮೊದಲೇ ಹೇಳಿ ಮುಗಿಸುತ್ತಿದ್ದೆ. ಈಗ ಒಂದು ಸೀಮೆಗೆ ಸೀಮೆಯೇ ಅವನಿಗಾಗಿ ಉಸಿರು ಹಿಡಿದು ನಿಂತಿತ್ತು. ದಂಡು ಕಟ್ಟಿ ಸಾವಿನ ಎದುರಿಗೆ ಜನರನ್ನು ನಿಲ್ಲಿಸುವ ಶಕ್ತಿ ಒಡೆಯರಿಗಿದೆಯೆಂದು ಕೇಳಿದ್ದೆ. ಅದು ಹೇಗಿರುತ್ತದೆಂದು ಅಂದು ಕಂಡೆ.

ಮೋಡದ ನೆರಳು ದಿಬ್ಬ ಹತ್ತಿ ಇಳಿಯಿತು. ಒಡೆಯರ ಹಣೆಯಲ್ಲಿ ಬೆವರು ಮೂಡಿತು. ಹುನ್‌ಲಾಫ್ ಮಾವನ ಮುಖ ನೋಡಿದ, ಕಾಲು ನೋಡಿದ, ಆಮೇಲೆ ನೆಲ ನೋಡಿದ.

"ಹುನ್‌ಲಾಫ್," ಎಂದ ಅಣ್ಣ.

ಮೆಲ್ಲಗೆ, ಇಡಿಯಾಗಿ, ಯಾರನ್ನೋ ಮನೆಯೊಳಗೆ ಕರೆದ ಹಾಗೆ. "ಹುನ್‌ಲಾಫ್ ಹೊರಿಸಿರೋ ಕಳ್ಳತನದಲ್ಲಿ ನನ್ನ ಕೈಯಿಲ್ಲ, ನನ್ನ ಮನಸ್ಸೂ ಇಲ್ಲ." ಒಂದು ಪದವೂ ತಪ್ಪಲಿಲ್ಲ.

ನೆರೆಯವರು ಒಬ್ಬೊಬ್ಬರಾಗಿ ಬಂದು, ಅವನ ಆಣೆ ಶುದ್ಧ ಎಂದು ಆಣೆಯಿಟ್ಟರು. ಕಡೆಗೆ ಡುನ್ ಬಂದ. ಯಾವತ್ತೂ ಬಾಯಿ ಮುಚ್ಚದವನ ದನಿ ನಡುಗುತ್ತಿತ್ತು. ಅಷ್ಟು ಹೊತ್ತೂ ಒಡೆಯರು ಕೂರಲಿಲ್ಲ. ಆಗ ಕೂತಿದ್ದರೆ, ಅಣ್ಣನೊಬ್ಬನಿಗಾಗಿ ಎದ್ದಿದ್ದರೆಂದು ಜನ ಆಡಿಕೊಳ್ಳುತ್ತಿದ್ದರು.

"ಇವನು ಶುದ್ಧ," ಎಂದರು ಒಡೆಯರು. ಈಟಿಗಳು ಗುರಾಣಿಗಳಿಗೆ ಬಡಿದು ದಿಬ್ಬವೇ ಗುಡುಗಿತು.

ಅಣ್ಣ ನನ್ನ ಪಕ್ಕಕ್ಕೆ ಬಂದು ನಿಂತ. ಏನೋ ಹೇಳಲು ಬಾಯಿ ತೆರೆದ. ಈ ಸಲ ನಾನು ಕಾದೆ. ಅಷ್ಟರಲ್ಲಿ ಮುಂದಿನ ದೂರು ಕೂಗಿದರು. ಹೊಳೆಯ ಮೀನುಬಲೆಯ ಜಗಳ; ಒಡೆಯರು ಏನೆಂದು ಕೇಳಿದ್ದೇ ತಡ, ಯಾರೋ ಅಣ್ಣತಮ್ಮಂದಿರಿಬ್ಬರು ಒಟ್ಟಿಗೇ ಕಿರುಚತೊಡಗಿದರು. ಒಡೆಯರು ಇನ್ನೂ ನಿಂತೇ ಇದ್ದರು.