ಬೆಳೆದಿಲ್ಲ

ಬಚ್ಚಲಿನಲ್ಲಿ ನೀರಿನ ಸದ್ದು ನಿಂತು ಬಹಳ ಹೊತ್ತಾಗಿತ್ತು. ಆಮೇಲೆ ಕೇಳಿಸಬೇಕಾದ ಯಾವುದೂ ಕೇಳಿಸಿರಲಿಲ್ಲ: ಮಗ್ಗು ಕೆಳಗಿಟ್ಟದ್ದು, ಟವೆಲ್ ಕೊಡವಿದ್ದು, ಗಂಟಲು ಸರಿಮಾಡಿಕೊಂಡದ್ದು. ಅವಳು ಒಲೆ ಸಣ್ಣದು ಮಾಡಿ ಹಾಲಿನ ಮುಂದೆಯೇ ನಿಂತಳು. ಓಡಬಾರದು. ಹೋದ ವಾರ ಓಡಿಹೋಗಿ ಬಾಗಿಲು ಬಡಿದಾಗ ಗಂಡ ಒಳಗಿನಿಂದ, ಬಿದ್ದಿಲ್ಲ ಮಾರಾಯಿತಿ, ಗಡ್ಡ ಕೆರೆದುಕೊಳ್ಳುತ್ತಿದ್ದೇನೆ ಎಂದಿದ್ದ.

"ರೀ," ಎಂದಳು, ನಿಂತಲ್ಲಿಂದಲೇ.

"ಇನ್ನೂ ಇದ್ದೀನಿ ಕಣೇ."

ಇದು ಅವರ ಬೆಳಗಿನ ತಮಾಷೆ. ಮೊದಮೊದಲು ಇಬ್ಬರೂ ನಗುತ್ತಿದ್ದರು. ಈಗ ಅವನೊಬ್ಬನೇ ನಗುತ್ತಾನೆ. ಅವಳು ಉಕ್ಕಿಬಂದ ಹಾಲಿನ ಕಡೆ ತಿರುಗುತ್ತಾಳೆ.

ಅವನ ಎದೆಯಲ್ಲಿದ್ದದ್ದು ಸಿಕ್ಕಿದ್ದು ಆಕಸ್ಮಿಕವಾಗಿ, ಮೂರು ವರ್ಷದ ಹಿಂದೆ. ಹೋಗಲೊಲ್ಲದ ಕೆಮ್ಮಿಗೆಂದು ಎದೆಯ ಸ್ಕ್ಯಾನ್ ಮಾಡಿಸಿದ್ದರು. ಕೆಮ್ಮಿಗೆ ಕಾರಣ ಸಿಗಲಿಲ್ಲ, ಅದು ತಾನಾಗಿ ಹೋಯಿತು. ಆದರೆ ಹೃದಯದಿಂದ ಮೇಲಕ್ಕೆ ಹೊರಡುವ ದೊಡ್ಡ ರಕ್ತನಾಳ ಇರಬೇಕಾದ್ದಕ್ಕಿಂತ ಅಗಲವಾಗಿದೆ ಎಂಬ ಮಾತು ಮನೆಯಲ್ಲಿ ಉಳಿದುಕೊಂಡಿತು. ನೋವಿಲ್ಲ, ಆಯಾಸವಿಲ್ಲ. ಸರ್ಜನ್ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದ್ದರು. ಇದು ನಾಳ, ಇದು ಅದರ ಗೋಡೆ, ಹಿಗ್ಗಿದಷ್ಟೂ ಗೋಡೆ ತೆಳುವಾಗುತ್ತದೆ. ಒಂದು ಗಾತ್ರ ದಾಟಿದರೆ ಎದೆ ತೆರೆದು, ಆ ತುಂಡನ್ನು ತೆಗೆದು, ಬಟ್ಟೆಯ ಕೊಳವೆಯೊಂದನ್ನು ಅಲ್ಲಿ ಹೊಲಿಯುತ್ತಾರೆ. ಅದಕ್ಕೆ ಮೊದಲೇ ಹರಿದರೆ? ಸರ್ಜನ್ ಪೆನ್ನಿಗೆ ಮುಚ್ಚಳ ಹಾಕಿದ್ದರು.

ಅಲ್ಲಿಯವರೆಗೆ ವರ್ಷಕ್ಕೊಂದು ಸ್ಕ್ಯಾನ್, ರಕ್ತದೊತ್ತಡದ ಮಾತ್ರೆ. ಭಾರ ಎತ್ತಬಾರದು, ತಿಣುಕಬಾರದು, ಸಿಟ್ಟು ಕಡಿಮೆ ಮಾಡಬೇಕು. ಸಿಟ್ಟು ನಮ್ಮ ಮನೆಯಲ್ಲಿ ಇವಳ ಇಲಾಖೆ ಎಂದಿದ್ದ ಅವನು. ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ನಾನು ಪಾಠ ಮಾಡುವವರೆಲ್ಲ ಸತ್ತವರೇ, ನನಗೆ ಅಭ್ಯಾಸವಿದೆ ಎಂದೂ ಹೇಳಿದ್ದ. ಆ ನಾಳದೊಂದಿಗೆ ಬದುಕುವುದನ್ನು ಅವನು ಬೇಗ ಕಲಿತ. ಕಲಿಯದವಳು ಅವಳು.

ಮೊದಲ ವರ್ಷ ಅವಳ ಮನಸ್ಸಿನಲ್ಲಿ ಅವನು ಸತ್ತದ್ದು ಹೆಚ್ಚಾಗಿ ಬಸ್ಸಿನಲ್ಲಿ. ಕೆಲಸಕ್ಕೆ ಹೋಗುವಾಗ ಕಿಟಕಿಯ ಪಕ್ಕ ಕೂತು ಅವಳು ಕಾಲೇಜಿನಿಂದ ಬರಲಿರುವ ಫೋನನ್ನು ಕೇಳಿಸಿಕೊಳ್ಳುತ್ತಿದ್ದಳು. ಯಾರು ಮಾಡುತ್ತಾರೆ, ಯಾವ ದನಿಯಲ್ಲಿ, ನಡುವೆ ಎಷ್ಟು ತಡವರಿಸುತ್ತಾರೆ. ಅಳು ಬರುತ್ತಿತ್ತು, ನಿಜವಾದ ಅಳು. ಇಳಿಯುವ ಸ್ಟಾಪು ಬರುವಷ್ಟರಲ್ಲಿ ಕಣ್ಣೊರೆಸಿಕೊಂಡು ಇಳಿಯುತ್ತಿದ್ದಳು.

ಎರಡನೆಯ ವರ್ಷ ಅಳು ಕಡಿಮೆಯಾಗಿ ವಿವರಗಳು ಬಂದವು. ಮಗಳಿಗೆ ಮೊದಲು ಹೇಳುವುದೋ ನಾದಿನಿಗೋ. ಅವನ ಅಂಗಿಗಳನ್ನು ಏನು ಮಾಡುವುದು. ಪುಸ್ತಕದ ಕಪಾಟು ತೆಗೆದರೆ ಮುಂದಿನ ಕೋಣೆಗೆ ಎಷ್ಟು ಬೆಳಕು ಬರಬಹುದು. ಆ ಬೆಳಕಿನಲ್ಲಿ ಕುರ್ಚಿ ಹಾಕಿಕೊಂಡು ತಾನೊಬ್ಬಳೇ ಕೂತಿರುವುದು ಎಷ್ಟು ಸ್ಪಷ್ಟವಾಗಿ ಕಂಡಿತ್ತೆಂದರೆ, ಒಂದು ಸಂಜೆ ಮನೆಗೆ ಬಂದು, ಅಲ್ಲಿ ಅವನು ಕಾಲು ಚಾಚಿ ಪೇಪರು ಓದುತ್ತಿರುವುದನ್ನು ಕಂಡು, ತಪ್ಪಿ ಬೇರೆಯವರ ಮನೆಗೆ ನುಗ್ಗಿದವಳಂತೆ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು.

ಮೂರನೆಯ ವರ್ಷ ಏನೂ ಬರಲಿಲ್ಲ. ದುಃಖವೆಲ್ಲ ಮುಗಿದುಹೋಗಿತ್ತು. ದುಃಖಪಡಬೇಕಾದ್ದು ಮಾತ್ರ ಇನ್ನೂ ಆಗಿರಲಿಲ್ಲ.

ಈ ದಿನ ಆ ವರ್ಷದ ಸ್ಕ್ಯಾನಿನ ಫಲಿತಾಂಶ. ಸರ್ಜನ್‌ರ ಕೋಣೆಯಲ್ಲಿ ಅವನು ಎಂದಿನಂತೆ ಸರ್ಜನ್‌ರನ್ನು ನೋಡಲಿಲ್ಲ, ಅವಳನ್ನು ನೋಡುತ್ತ ಕೂತ. ಅದು ಮೊದಲ ಸಲದಿಂದ ಬಂದ ರೂಢಿ. ಡಾಕ್ಟರ ಮುಖದಲ್ಲಿ ಏನೂ ತಿಳಿಯುವುದಿಲ್ಲ, ನಿನ್ನ ಮುಖದಲ್ಲಿ ತಿಳಿಯುತ್ತದೆ ಎನ್ನುತ್ತಿದ್ದ. ಅವಳಿಗೆ ಈ ಮಾತು ಅವಮಾನದಂತೆ ಕೇಳಿಸುತ್ತಿತ್ತು. ಅವಳ ಕೆಲಸ ಕಿವಿ ಪರೀಕ್ಷೆ. ಗಾಜಿನ ಆಚೆ ಕೂತವರಿಗೆ ಒಂದಕ್ಕಿಂತ ಒಂದು ಸಣ್ಣ ಶಬ್ದ ಕೊಡುತ್ತ, ಅವರು ಬೆರಳೆತ್ತುವುದನ್ನು ಕಾಯಬೇಕು. ಕೊಟ್ಟೆನೋ ಇಲ್ಲವೋ ಎಂಬುದು ಮುಖದಲ್ಲಿ ಕಾಣಬಾರದು. ಇಷ್ಟು ವರ್ಷ ಕಂಡಿರಲಿಲ್ಲ.

ಸರ್ಜನ್ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು.

"ಬೆಳೆದಿಲ್ಲ," ಎಂದರು.

ಆಮೇಲೆ ವಿವರಿಸಿದರು. ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇದೆ. ಆಪರೇಷನ್ ಬೇಕೆನ್ನುವ ಗೆರೆಯ ಹತ್ತಿರವೇ ಇದೆ, ಆದರೆ ಈಚೆಗಿದೆ. ದಾಟಿದ್ದರೆ ನಾನು ತೀರ್ಮಾನ ಮಾಡುತ್ತಿದ್ದೆ, ಈಚೆಗಿರುವವರೆಗೆ ತೀರ್ಮಾನ ನಿಮ್ಮದು. ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಿಕೊಳ್ಳುವವರೂ ಇದ್ದಾರೆ, ಅದೂ ತಪ್ಪಲ್ಲ. ಎದೆ ತೆರೆಯುವುದೆಂದರೆ ಅದರದೇ ಅಪಾಯ ಇದ್ದೇ ಇದೆ. ನನ್ನನ್ನು ಕೇಳಿದರೆ ಇನ್ನೊಂದು ವರ್ಷ ಧಾರಾಳವಾಗಿ ಕಾಯಬಹುದು.

ಹೊಟ್ಟೆಯಲ್ಲಿ ಹಾಲು ಹೊಯ್ದಂತಾಗಬೇಕಿತ್ತು. ಅವಳು ಅದಕ್ಕಾಗಿ ಕಾದಳು. ಬಂದದ್ದು ಬೇರೆ. ಇನ್ನೊಂದು ವರ್ಷ, ಎಂದಿತು ಒಳಗಿನಿಂದ ಯಾವುದೋ, ಕಣ್ಣೆದುರೇ ಬಸ್ಸು ತಪ್ಪಿದವರ ದನಿಯಲ್ಲಿ. ಇನ್ನೊಂದು ವರ್ಷ ಈ ಬೆಳಗುಗಳು, ಈ ಕಿವಿಗೊಡುವುದು. ಅವಳ ಮುಖ ಸಣ್ಣದಾಯಿತು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ.

ಅವನು ನೋಡುತ್ತಿದ್ದ. ಆಮೇಲೆ, ಬಟ್ಟೆ ಬದಲಿಸುವವರ ಕೋಣೆಗೆ ಅರಿಯದೆ ಕಾಲಿಟ್ಟವನಂತೆ, ತಾನೇ ನಾಚಿ ಕಣ್ಣನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಅವಳು ನಕ್ಕಳು. ದೇವರು ದೊಡ್ಡವನು ಎಂದೂ ಹೇಳಿದಳು. ಎರಡೂ ತಡವಾಗಿದ್ದವು.

ಕೆಳಗೆ ಕ್ಯಾಂಟೀನಿನಲ್ಲಿ ಅವನು ಚಹಾ ತಂದ. ಪಕ್ಕದ ಮೇಜಿನಲ್ಲಿ ಯಾರೋ ಕಾಲಿಗೆ ಹೊಸ ಪ್ಲಾಸ್ಟರು ಹಾಕಿಸಿಕೊಂಡು ಬಂದಿದ್ದರು. ಅದನ್ನು ನೋಡಿ ಅವನು ತನ್ನ ಕಾಲೇಜಿನ ಪ್ರಿನ್ಸಿಪಾಲರು ಪ್ಲಾಸ್ಟರಿನೊಳಗೆ ತುರಿಕೆಯೆಂದು ಅಳತೆಪಟ್ಟಿ ತೂರಿಸಿ, ಅದು ಒಳಗೇ ಉಳಿದ ಕಥೆ ಹೇಳಿದ. ಅವಳು ಈ ಕಥೆ ಕೇಳಿದ್ದಳು. ಆದರೂ ಸರಿಯಾದ ಜಾಗದಲ್ಲಿ ನಕ್ಕಳು. ನಕ್ಕು ಮುಗಿಯುವವರೆಗೆ ಅವನು ಕಾದ.

"ಮಾಡಿಸಿಬಿಡ್ತೀನಿ," ಎಂದ.

"ಏನನ್ನ?"

"ಆಪರೇಷನ್ನು."

"ಬೆಳೆದಿಲ್ಲ ಅಂದ್ರಲ್ಲ."

"ಅದು ಬೆಳೆದಿಲ್ಲ."

ಅವಳು ಕಾಗದದ ಕಪ್ಪಿನ ಅಂಚನ್ನು ಉಗುರಿನಿಂದ ಬಿಡಿಸತೊಡಗಿದಳು. ಅವಸರವಿಲ್ಲ ಎಂದರಲ್ಲ, ಧಾರಾಳವಾಗಿ ಕಾಯಬಹುದು ಎಂದರಲ್ಲ, ಎದೆ ತೆರೆಯುವುದೆಂದರೆ ಅಪಾಯವಲ್ಲವೇ ಎಂದಳು. ಒಂದೊಂದು ಮಾತೂ ಸರಿಯಾಗಿತ್ತು. ಒಂದೊಂದು ಮಾತೂ ಸರ್ಜನ್‌ರದಾಗಿತ್ತು. ನನಗೆ ಬೇಡ ಅನ್ನಿಸುತ್ತದೆ ಎಂಬ ಮಾತೊಂದನ್ನು ಅವಳೇ ಹೇಳಬೇಕಿತ್ತು. ಅದನ್ನು ಎಲ್ಲಿಟ್ಟೆನೆಂದು ಹುಡುಕುತ್ತಿರುವಾಗ ಅವನು ಕೇಳಿದ:

"ಎಷ್ಟು ದಿನ ಅಂತ ಬಾಗಿಲಿಗೆ ಕಿವಿಗೊಟ್ಟು ನಿಂತಿರ್ತೀಯ?"

ಅದರಲ್ಲಿ ಸಿಟ್ಟಿರಲಿಲ್ಲ. ಬಹಳ ದೂರದಿಂದ ನಿಂತೇ ಬಂದ ಹೆಂಗಸಿಗೆ ಎದ್ದು ಸೀಟು ಬಿಟ್ಟುಕೊಡುವವನ ದನಿ ಅದು.

ನೀನು ಕೆಲಸಕ್ಕೆ ಹೋಗು, ನಾನು ಇಲ್ಲೇ ಇದ್ದು, ಒಳಗಿರುವ ರೋಗಿಗಳು ಮುಗಿದ ಮೇಲೆ ಇನ್ನೊಮ್ಮೆ ಸರ್ಜನ್‌ರನ್ನು ಕಂಡು ತಾರೀಖು ಕೇಳುತ್ತೇನೆ ಎಂದ. ಹೋಗಬಾರದಿತ್ತು. ಹೋದಳು.

ಮಧ್ಯಾಹ್ನ ಕಿವಿ ಪರೀಕ್ಷೆಗೆ ಒಬ್ಬ ಮುದುಕನನ್ನು ಸೊಸೆ ಕರೆತಂದಿದ್ದಳು. "ಬೇಡದ್ದೆಲ್ಲ ಕೇಳಿಸುತ್ತೆ ಮೇಡಂ ಇವರಿಗೆ. ಬೇಕಾದ್ದು ಕೇಳಿಸಲ್ಲ," ಎಂದಳು ಸೊಸೆ, ಮಾವನ ಎದುರಿಗೇ. ಮುದುಕ ನಕ್ಕ. ಎದುರಿನವರ ತುಟಿ ನಿಂತ ಕೂಡಲೇ ನಕ್ಕುಬಿಡುವುದು ಅವನ ಉಪಾಯವೆಂದು ಅವಳಿಗೆ ತಿಳಿಯಿತು. ಕಿವಿ ಹೋಗುತ್ತಿರುವವರೆಲ್ಲ ಕಂಡುಕೊಳ್ಳುವ ಉಪಾಯ.

ಅವನನ್ನು ಗಾಜಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿ, ಕೇಳಿಸಿದರೆ ಬೆರಳೆತ್ತಿ, ಇಲ್ಲದಿದ್ದರೆ ಸುಮ್ಮನಿರಿ ಎಂದು ಎರಡು ಸಲ ಹೇಳಿ, ಬಾಗಿಲು ಹಾಕಿ ಬಂದು ಯಂತ್ರದ ಮುಂದೆ ಕೂತಳು. ಶಬ್ದ ಕೊಟ್ಟಳು. ಬೆರಳು ಎದ್ದಿತು. ಇನ್ನೂ ಸಣ್ಣದು ಕೊಟ್ಟಳು. ಎದ್ದಿತು. ಅಷ್ಟು ಸಣ್ಣದು ಈ ವಯಸ್ಸಿನಲ್ಲಿ ಕೇಳಿಸುವುದಿಲ್ಲ. ಏನನ್ನೂ ಕೊಡದೆ ಕೂತು ನೋಡಿದಳು. ಸ್ವಲ್ಪ ಹೊತ್ತಿಗೆ ಬೆರಳು ಎದ್ದಿತು, ಅಂಜುತ್ತ, ಅರ್ಧ.

ಆಗ ಗಮನಿಸಿದಳು. ಮುದುಕ ಯಾವ ಮಾಯದಲ್ಲೋ ಕುರ್ಚಿ ತಿರುಗಿಸಿಕೊಂಡು ಗಾಜಿನ ಮೂಲಕ ಅವಳನ್ನೇ ನೋಡುತ್ತಿದ್ದ.

ಒಳಗೆ ಹೋಗಿ ಅವನ ಕಿವಿಯ ಮೇಲಿನ ಹೆಡ್‌ಫೋನ್ ತೆಗೆದು, ನಾನು ಶಬ್ದವನ್ನೇ ಕೊಟ್ಟಿರಲಿಲ್ಲವಲ್ಲ ಅಜ್ಜ ಎಂದಳು, ದೊಡ್ಡ ದನಿಯಲ್ಲಿ.

"ಗೊತ್ತಮ್ಮ."

"ಮತ್ತೆ ಯಾಕೆ ಎತ್ತಿದ್ರಿ?"

ಮುದುಕ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಸೊಸೆ ಕೂತಿದ್ದ ಕಡೆ ನೋಡಿದ. "ನೀನು ಕಾಯ್ತಾ ಇದ್ದೆಯಲ್ಲ," ಎಂದ. "ಪಾಪ ಅನ್ನಿಸ್ತು."

ಅವಳು ಕುರ್ಚಿಯನ್ನು ಮತ್ತೆ ಗೋಡೆಗೆ ತಿರುಗಿಸಿದಳು. ಒಂದು ನಿಮಿಷ ಎಂದು ಸೊಸೆಗೆ ಹೇಳಿ, ಹೊರಗೆ ಮೆಟ್ಟಿಲ ಹತ್ತಿರ ಬಂದು ಗಂಡನಿಗೆ ಫೋನು ಮಾಡಿದಳು. ಇನ್ನೂ ಹೊರಗೇ ಕೂತಿದ್ದೇನೆ, ಸರ್ಜನ್ ಯಾವುದೋ ಆಪರೇಷನ್ನಿಗೆ ಹೋದವರು ಬಂದಿಲ್ಲ ಎಂದ ಅವನು. ಹಿಂದೆ ಯಾವುದೋ ಮಗು ಅಳುತ್ತಿತ್ತು.

"ಏನು?" ಎಂದ.

ಬಾಯಿಯ ತನಕ ಬಂದಿತ್ತು. ಬೇಡ, ಎದ್ದು ಬನ್ನಿ. ಮೂರು ಮಾತು. ಆದರೆ ಹೇಳಿದರೆ ಅವನು ನಂಬಬೇಕಲ್ಲ. ನಂಬುವಂತೆ ಹೇಳುವುದಕ್ಕೆ ಯಾವ ದನಿ ಬೇಕು? ಅವಳು ಒಂದನ್ನು ಆರಿಸಿಕೊಳ್ಳಲು ನೋಡಿದಳು. ಆರಿಸಬೇಕಾಗಿ ಬಂತಲ್ಲ ಎಂದು ತಿಳಿದೊಡನೆ ಬಿಟ್ಟುಬಿಟ್ಟಳು.

"ಮಾತ್ರೆ ತಗೊಂಡ್ರಾ?"

"ತಗೊಂಡೆ."

"ಬರ್ತಾ ಬ್ರೆಡ್ ತನ್ನಿ. ಮನೇಲಿಲ್ಲ."

"ಹೂಂ."

ಸಂಜೆ ಅವಳು ಮನೆಗೆ ಬಂದಾಗ ಬ್ರೆಡ್ ಮೇಜಿನ ಮೇಲಿತ್ತು. ಅವನು ಲವಲವಿಕೆಯಿಂದಿದ್ದ. ಕಾಲೇಜಿನ ಪರೀಕ್ಷೆಗಳು ಮುಗಿದ ಮೇಲಿನ ವಾರಕ್ಕೆ ತಾರೀಖು ಕೊಟ್ಟಿದ್ದಾರೆ, ಹಾಗಾಗಿ ಉತ್ತರಪತ್ರಿಕೆ ತಿದ್ದುವುದರಿಂದ ಈ ಸಲ ಪಾರು ಎಂದ. ಬೇರೆ ಊರಿನಲ್ಲಿ ಓದುತ್ತಿರುವ ಮಗಳಿಗೆ ಫೋನಿನಲ್ಲಿ ಹೇಳಿಯಾಗಿತ್ತು. ಅಪ್ಪಾ, ಅಂತೂ ಧೈರ್ಯ ಮಾಡಿದೆಯಲ್ಲ ಎಂದಳಂತೆ. ಈಗಲೇ ಯಾಕೆ ಎಂದು ಸರ್ಜನ್ ಎರಡೆರಡು ಸಲ ಕೇಳಿದರಂತೆ. ಕಾಯುವುದು ಕಷ್ಟ ಎಂದನಂತೆ ಇವನು. ಯಾರಿಗೆ ಎಂದು ಅವರು ಕೇಳಲಿಲ್ಲ.

ಅವಳು ಚೀಲವನ್ನು ಹೆಗಲಿನಿಂದ ಇಳಿಸದೆ ನಿಂತಿದ್ದಳು.

"ನಾಳೆ ಬೆಳಿಗ್ಗೆವರೆಗೂ ಟೈಮಿದೆ," ಎಂದ ಅವನು, ಬ್ರೆಡ್ಡಿನ ಕವರನ್ನು ನೇರ ಮಾಡುತ್ತ. "ನೀನು ಬೇಡ ಅನ್ನು. ಫೋನ್ ಮಾಡಿ ತಾರೀಖು ಕ್ಯಾನ್ಸಲ್ ಮಾಡಿಸಿಬಿಡ್ತೀನಿ."

ಈ ಸಲ ಅವನು ಅವಳ ಮುಖ ನೋಡಲಿಲ್ಲ. ಕವರನ್ನೇ ನೋಡುತ್ತಿದ್ದ. ಅವಳಿಗೆ ಆದಷ್ಟು ಅನುಕೂಲ ಮಾಡಿಕೊಡಬೇಕೆಂದು ಅವನು ನಿರ್ಧರಿಸಿದ್ದ ಎಂದು ಕಾಣುತ್ತದೆ.

ಅವನು ಸಾಯಬಾರದು. ಇದು ಅವಳಿಗೆ ಖಂಡಿತವಾಗಿ ಗೊತ್ತಿತ್ತು. ಆಪರೇಷನ್ನಿನ ಮೇಜಿನಿಂದ ಅವನು ಏಳದೇ ಹೋದರೆ ಎಂದು ಯೋಚಿಸಿ ನೋಡಿದಳು. ಮುಂದಿನದೆಲ್ಲ ದಿನವೂ ನಡೆದು ಸವೆಸಿದ ರಸ್ತೆಯಂತೆ ತಿರುವು ತಿರುವೂ ಕಂಡಿತು. ಉಳಿದುಕೊಂಡರೆ? ಎದೆಯ ಮೇಲೊಂದು ಗಾಯದ ಗೆರೆ, ಒಳಗೊಂದು ಗಟ್ಟಿ ಕೊಳವೆ, ಇಪ್ಪತ್ತು ವರ್ಷ, ಮೂವತ್ತು ವರ್ಷ ಅವನು ಇದೇ ಕೋಣೆಯಲ್ಲಿ ಕಾಲು ಚಾಚಿ ಕೂತರೆ? ಅಲ್ಲಿ ಏನೂ ಕಾಣಲಿಲ್ಲ. ಅವನು ಉಳಿಯುವುದನ್ನು ಅವಳು ಒಂದು ಸಲವೂ ಕಲ್ಪಿಸಿಕೊಂಡಿರಲಿಲ್ಲ.

"ಆ ಡಾಕ್ಟರ ಕೈಗುಣ ಚೆನ್ನಾಗಿದೆ ಅಂತಾರೆ," ಎಂದಳು.

"ಹೌದಂತೆ," ಎಂದ ಅವನು. ಕವರನ್ನು ಮಡಿಸಿಟ್ಟ.

ಆಮೇಲೆ ಅವನು, ಬಾ, ಒಂದು ತೋರಿಸುತ್ತೇನೆ ಎಂದು ಮಲಗುವ ಕೋಣೆಗೆ ಹೋದ. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವಾಕೆ ಇವತ್ತೇ ಹೇಳಿಕೊಟ್ಟಳಂತೆ. ಎದೆಯ ಮೂಳೆ ಕೂಡಿಕೊಳ್ಳುವವರೆಗೆ ಕೈ ಊರಿ ಏಳುವ ಹಾಗಿಲ್ಲ. ಎರಡೂ ಕೈ ಎದೆಗೆ ಅವುಚಿಕೊಂಡು, ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು ಏಳಬೇಕು. ಈಗಿನಿಂದಲೇ ರೂಢಿಯಾಗಬೇಕು. ರೋಗಿ ತಾನಾಗಿ ಅವಸರ ಮಾಡಬಾರದು, ಮನೆಯವರು ಹತ್ತಿರ ನಿಂತು ಹೇಳಿದ ಮೇಲೆಯೇ ಏಳಬೇಕು.

ಚಪ್ಪಲಿ ಬಿಟ್ಟು, ಹಾಸಿಗೆಯ ನಡುವೆ ಅಂಗಾತ ಮಲಗಿದ. ಕಾಲು ನೀಡಿದ. ಕೈಗಳನ್ನು ಎದೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡ. ಕಣ್ಣು ಮುಚ್ಚಿದ.

"ಕೈ ಸರಿಯಾಗಿದೆಯಾ ನೋಡು."

ಅವಳು ಬಗ್ಗಿ ಮೇಲಿನ ಕೈಯನ್ನು ಸ್ವಲ್ಪ ಸರಿಸಿದಳು. ಕೈ ಬೆಚ್ಚಗಿತ್ತು.

"ಈಗ ಏಳಿ ಅನ್ನು," ಎಂದ.

ಕಿಟಕಿಯ ಬೆಳಕು ಅವನ ಹಣೆಯ ಮೇಲೆ ಬಿದ್ದಿತ್ತು. ಬೆಳಗಿನಿಂದ ಮೊದಲ ಬಾರಿಗೆ ಅವಳ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಾಗಲಿಲ್ಲ. ಹಾಸಿಗೆಯ ಕೊನೆಗೆ ಬಂದು ನಿಂತಳು.

"ಹೇಳೇ," ಎಂದ ಅವನು, ಕಣ್ಣು ತೆರೆಯದೆ.

ಅವನ ಪಾದಗಳು ನಿದ್ದೆಯಲ್ಲಿರುವವನ ಪಾದಗಳಂತೆ ಆಚೆಗೊಂದು ಈಚೆಗೊಂದು ವಾಲಿದ್ದವು. ಅವಳ ಕೈಗಳು ತಾವಾಗಿ ಮುಂದೆ ಹೋಗಿ, ಅವೆರಡನ್ನೂ ಮೆಲ್ಲಗೆ ಹಿಡಿದು, ನೆಟ್ಟಗೆ ಮಾಡಿ, ಒಂದಕ್ಕೊಂದು ಜೋಡಿಸಿ ಇಟ್ಟವು.

ಅವನು ಮಿಸುಕಲಿಲ್ಲ. ಅವಳು ಹೇಳಲೆಂದು ಕಾಯುತ್ತಿದ್ದ.