ಹಲ್ಲು ಕಚ್ಚಿದ ಹದಿನಾಲ್ಕು ತಿಂಗಳು

ಸಾವಿತ್ರೆವ್ವನಿಗೆ ಅಳಲು ಪುರಸೊತ್ತು ಸಿಕ್ಕಿರಲಿಲ್ಲ. ಮಗಳು ಶೀತಲಳ ಮದುವೆಗೆ ನಾಲ್ಕು ದಿನವಿದ್ದಾಗ ತೊರಗಲ್ಲಿನಲ್ಲಿ ಅಕ್ಕ ಕಾಡವ್ವ ತೀರಿಕೊಂಡಳು. ಹೂಲಿಯಲ್ಲಿ ಇವರ ಮನೆ ಮುಂದೆ ಆಗಲೇ ಮದುವೆಯ ಹಂದರ ಎದ್ದಿತ್ತು.

"ಹಂದರದ ಮನ್ಯಾಗ ಕಣ್ಣೀರು ಬೀಳಬಾರದವಾ," ಎಂದರು ಹಿರಿಯರು.

ಅವಳು ಅಕ್ಕನ ಮಣ್ಣಿಗೂ ಹೋಗಲಿಲ್ಲ. ಹಲ್ಲು ಕಚ್ಚಿ ಬೀಗರಿಗೆ ಹೋಳಿಗೆ ಬಡಿಸಿದಳು.

ಮದುವೆ ಮುಗಿದು ವರ್ಷ ಕಳೆದರೂ ದವಡೆ ಸಡಿಲಲಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿದು ಎರಡು ದವಡೆಹಲ್ಲು ಸೀಳಿದವು, ಕೀಳಿಸಬೇಕಾಯಿತು. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದು. ಮನೆಮಂದಿಗೆಲ್ಲ ರೊಟ್ಟಿ ಬಡಿದು ತಾನು ನುಚ್ಚು ಉಣ್ಣುತ್ತಿದ್ದಳು. ಎಕ್ಸರೇ, ರಕ್ತ ಎಲ್ಲ ನೋಡಿದ ಹಲ್ಲಿನ ಡಾಕ್ಟರು, ಸವದತ್ತಿ ತಾಲೂಕು ಆಸ್ಪತ್ರೆಯ ಆಪ್ತಸಮಾಲೋಚಕಿಯನ್ನು ಕಾಣಿ ಎಂದು ಚೀಟಿ ಬರೆದರು.

"ಹಲ್ಲಿನ ಬ್ಯಾನಿಗೆ ಮನಸಿನ ಡಾಕ್ಟರಾ? ಊರಾಗ ಹುಚ್ಚಿ ಅಂದಾರು," ಎಂದು ಗಂಡ ನಿಜಗುಣಪ್ಪ ಚೀಟಿಯನ್ನು ಗೋಡೆಯ ಗೂಡಿನಲ್ಲಿಟ್ಟ.

ಅದನ್ನು ಕಂಡವಳು ಆಶಾ ಕಾರ್ಯಕರ್ತೆ ಮಹಾನಂದಾ. "ಕಾಕಾ, ಎತ್ತು ಬೆದರಿದ್ರ ಏನ ಮಾಡತೈತ್ರಿ?"

"ಮೈ ಬಿಗಿ ಹಿಡದು ನಿಲ್ಲತೈತಿ. ಆಮ್ಯಾಲೆ ಗಡಗಡ ನಡುಗಿ, ಮೈ ಝಾಡಿಸಿ ಮೇಯಾಕ ಹತ್ತತೈತಿ."

"ಕಾಕಿ ಇನ್ನೂ ಝಾಡಿಸಿಲ್ರಿ."

"ನನ್ನನ್ನ ಎತ್ತಿಗೆ ಹೋಲಸ್ತಿಯೇನ?" ಎಂದು ಸಾವಿತ್ರೆವ್ವ ಕಚ್ಚಿದ ಹಲ್ಲಿನಲ್ಲೇ ಗೊಣಗಿದಳು. ಆದರೂ ಮಂಗಳವಾರ ಮೂವರೂ ಸವದತ್ತಿ ಬಸ್ಸು ಹತ್ತಿದರು.

ಸಮಾಲೋಚಕಿ ವಿಜಯಾ ಔಷಧ ಕೊಡಲಿಲ್ಲ. "ಪಾದ ನೆಲಕ್ಕ ಊರ್ರಿ. ನೆಲ ಗಟ್ಟಿ ಐತಲ್ರಿ? ದವಡಿಗೆ ಅಂಗೈ ಹಚ್ಚರಿ, ಒತ್ತಬ್ಯಾಡ್ರಿ. ಉಸಿರು ಸಾವಕಾಶ ಬಿಡ್ರಿ. ಸಾಕು ಅನಿಸಿದ್ರ ಹೇಳ್ರಿ, ನಿಲ್ಲಸೂಣು."

ಮೊದಲ ದಿನ ಅಷ್ಟೇ. "ಉಸಿರು ಬಿಡಾಕ ಬಸ್ಸಿಗೆ ಬರಬೇಕಾತು," ಎಂದ ನಿಜಗುಣಪ್ಪ.

ನಾಲ್ಕನೆಯ ವಾರ ವಿಜಯಾ ಕೇಳಿದಳು: "ಇದು ಮೊದಲ ಯಾವಾಗ ಬಿಗೀತ್ರಿ?"

"ಹೋಳಿಗಿ ಬಡಸೂ ಮುಂದ." ಅಂಗೈ ಕೆಳಗೆ ದವಡೆ ನಡುಗತೊಡಗಿತು.

"ನಡುಗಲಿ ಬಿಡ್ರಿ. ನಾ ಇಲ್ಲೇ ಅದೇನಿ."

"ಯಕ್ಕಾ..." ಎಂದು ದನಿ ಹೊರಟಿತು. ಊರ ಹೆಂಗಸರು ಹೆಣದ ಮುಂದೆ ಕೂತು ಹಾಡಿಕೊಂಡು ಅಳುವ ಹಾಗೆ, ಸಾವಿತ್ರೆವ್ವ ಹೆಣವಿಲ್ಲದೆ ಹಾಡಿಕೊಂಡು ಅತ್ತಳು. ಹೊರಗಿದ್ದ ನಿಜಗುಣಪ್ಪ ಗಾಬರಿಯಾಗಿ ಎದ್ದ.

"ಕುಂದರ್ರಿ ಕಾಕಾ," ಎಂದಳು ಮಹಾನಂದಾ. "ಹಂದರದಾಗ ತಡದಿದ್ದು ಈಗ ಬಂದೈತಿ."

ಅವನು ಕೂತ. ಸ್ವಲ್ಪ ಹೊತ್ತಿಗೆ ತಾನೂ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

ಒಂದೇ ದಿನಕ್ಕೆ ಎಲ್ಲ ಸರಿಯಾಗಲಿಲ್ಲ. ಎರಡು ತಿಂಗಳ ಮೇಲೆ ಬಾಯಿ ಮೂರು ಬೆರಳು ತೆರೆಯಿತು. ಸಾವಿತ್ರೆವ್ವ ಕಡಕ್ ರೊಟ್ಟಿ ಕಡಿದಾಗ ಸದ್ದು ಪಡಸಾಲೆಗೂ ಕೇಳಿತು. ಈಗ ನಿಜಗುಣಪ್ಪನೇ ಎಬ್ಬಿಸುತ್ತಾನೆ: "ಮಂಗಳವಾರ ಐತಿ, ಏಳ. ಬಸ್ ತಪ್ಪೀತು."

ನಿಮ್ಮ ಮನೆಯಲ್ಲೂ ಯಾರದೋ ಎದೆ, ಕುತ್ತಿಗೆ, ದವಡೆ ಹೀಗೆ ಬಿಗಿದಿರಬಹುದು. ಮೊದಲು ಡಾಕ್ಟರಿಗೆ ತೋರಿಸಿ. ಅವರು ಮನಸ್ಸಿನ ಚಿಕಿತ್ಸೆಗೆ ಹೋಗಿ ಎಂದರೆ ಆ ಚೀಟಿಯನ್ನು ಗೂಡಿನಲ್ಲಿಡಬೇಡಿ. ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಅಳುವವರನ್ನು ಅಳಲು ಬಿಡಿ, ಹಂದರವಿದ್ದರೂ ಸರಿ.

ಸಾವಿತ್ರೆವ್ವ ಕಳೆದುಕೊಂಡದ್ದು ಹದಿನಾಲ್ಕು ತಿಂಗಳು, ಎರಡು ಹಲ್ಲು, ಅಕ್ಕನ ಮುಖದ ಕೊನೆಯ ನೋಟ ಒಂದು.